ಗೋಡೆಯಿಂದ ಚೌಕಟ್ಟಿಗೆ: ಸಾಗರ ಸೀಮೆಯ ಹಸೆ ಚಿತ್ತಾರ

ಶಿವಮೊಗ್ಗ ಜಿಲ್ಲೆಯ ಸಾಗರ, ಸೊರಬ, ಹೊಸನಗರ ತಾಲ್ಲೂಕುಗಳಲ್ಲೂ ಗಡಿಯಾಚೆ ಸಿದ್ದಾಪುರದ ಕಡೆಯೂ ಇರುವ ದೀವರ ಸಮುದಾಯದ ಮನೆಗಳ ಗೋಡೆಚಿತ್ರಕ್ಕೆ ಹಸೆ ಚಿತ್ತಾರ ಎಂದು ಹೆಸರು. ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅಕ್ಕಿಹಿಟ್ಟಿನ ಸಣ್ಣ ಸಣ್ಣ ಎಳೆಗಳಲ್ಲಿ ಹೆಂಗಸರು ಇದನ್ನು ಬರೆಯುತ್ತ ಬಂದಿದ್ದಾರೆ. ಈಗ ಅದು ಬಟ್ಟೆ, ಕಾಗದ, ಕ್ಯಾನ್ವಾಸಿಗೂ ಇಳಿದು ಪೇಟೆಯ ಪ್ರದರ್ಶನಗಳಿಗೆ ಹೋಗುತ್ತಿದೆ. ಊರಿನ ಕಲಾವಿದರ ಚಿತ್ರಗಳನ್ನು ಊರಿನವರೇ ಆಗಾಗ ನೋಡುವಂತೆ ತೋರಿಸುವ ಏರ್ಪಾಡು ಮಲೆನಾಡಿಗೆ ಹೊಸದು ಎಂದುಕೊಳ್ಳುವವರು ಈ ಗೋಡೆಗಳನ್ನು ಲೆಕ್ಕಕ್ಕೆ ಹಿಡಿದಿಲ್ಲ.

ಗೋಡೆ, ಹಿಟ್ಟು, ನಾರು

ಮೊದಲು ಗೋಡೆಯನ್ನು ಸಾರಿಸಿ ಕೆಮ್ಮಣ್ಣು ಬಳಿಯಬೇಕು. ಬಿಳಿಗೆ ಅಕ್ಕಿಯನ್ನು ನೆನೆಸಿ ನುಣ್ಣಗೆ ರುಬ್ಬಿದ ಹಿಟ್ಟು. ಕಪ್ಪಿಗೂ ಅಕ್ಕಿಯೇ: ಕರಕಲಾಗುವವರೆಗೆ ಹುರಿದು, ನೆನೆಸಿ, ಅರೆದದ್ದು. ಕೆಂಪು ಮಣ್ಣಿನಿಂದ ಬರುತ್ತದೆ, ಹಳದಿ ಗುರಿಗೆ ಕಾಯಿಯ ಬೀಜದಿಂದ. ಕುಂಚ ಅಂಗಡಿಯದಲ್ಲ, ಪುಂಡಿ ನಾರಿನದು. ತುದಿಯನ್ನು ಹದಮಾಡಿದ ನಾರು ಹಿಟ್ಟನ್ನು ಹೀರಿಕೊಂಡು ಒಂದೇ ದಪ್ಪದ ಗೆರೆ ಬಿಡುತ್ತದೆ. ಚಿತ್ತಾರದ ಅಂದ ನಿಂತಿರುವುದು ಈ ಗೆರೆಯ ಸಮತೆಯ ಮೇಲೆ. ಒಂದು ಎಳೆ ದಪ್ಪವಾದರೆ ಪಕ್ಕದ ಹತ್ತು ಎಳೆಗಳು ಅದನ್ನು ಎತ್ತಿ ತೋರಿಸುತ್ತವೆ.

ಬಣ್ಣಕ್ಕೆ ಅಕ್ಕಿ ಬಳಸಿದವರು ಯಾರು ಎನ್ನುವುದನ್ನೂ ನೆನೆಯಬೇಕು. ದೀವರಲ್ಲಿ ಬಹಳ ಮಂದಿ ಗೇಣಿ ಒಕ್ಕಲುಗಳಾಗಿದ್ದರು. ಭತ್ತ ಅಳೆಯುವ ಕೊಳಗದ ಅನ್ಯಾಯವನ್ನು ಪ್ರಶ್ನಿಸಿ 1951ರಲ್ಲಿ ಕಾಗೋಡಿನಲ್ಲಿ ಸತ್ಯಾಗ್ರಹ ನಡೆದದ್ದು ಇದೇ ಸಾಗರ ತಾಲ್ಲೂಕಿನಲ್ಲಿ. ಎಚ್. ಗಣಪತಿಯಪ್ಪ ಅದರ ಮುಂಚೂಣಿಯಲ್ಲಿದ್ದರು, ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಕೊಳಗದ ತಲೆಯ ಮೇಲಿನ ಹಿಡಿ ಭತ್ತಕ್ಕೂ ಜಗಳವಾಡಬೇಕಾಗಿದ್ದ ಮನೆಗಳು ಗೋಡೆಯ ಪಾಲಿನ ಅಕ್ಕಿಯನ್ನು ಮಾತ್ರ ತಪ್ಪಿಸಲಿಲ್ಲ. ಚಿತ್ತಾರವನ್ನು ಬರೀ ಅಲಂಕಾರ ಎಂದು ಕರೆಯುವುದು ನನಗೆ ಒಗ್ಗದಿರುವುದಕ್ಕೆ ಇದೊಂದು ಕಾರಣ.

ಏನು ಬರೆಯುತ್ತಾರೆ

ಮದುವೆಯಲ್ಲಿ ಮದುಮಕ್ಕಳು ಹಸೆಯ ಮೇಲೆ ಕೂರುವ ಜಾಗದ ಹಿಂದಿನ ಗೋಡೆಯೇ ಹಸೆಗೋಡೆ. ಅಲ್ಲಿ ಒಂದು ದೊಡ್ಡ ಚೌಕ, ಚೌಕದೊಳಗೆ ಮಂಟಪ, ಅದರಲ್ಲಿ ಮದುಮಕ್ಕಳು. ಮನುಷ್ಯರೆಂದರೆ ತುದಿ ಕೂಡಿದ ತ್ರಿಕೋನಗಳು, ಕಡ್ಡಿಯಂಥ ಕೈಕಾಲು. ಸುತ್ತ ಅಂಚಿನ ಮೇಲೆ ಅಂಚು: ನಿಲಿ, ನಿಲಿಕೊಚ್ಚು, ಜೋಗಿಜಡೆ, ಬಾಸಿಂಗ. ಹೆಸರುಗಳು ಬಾಯಿಂದ ಬಾಯಿಗೆ ಬಂದವು. ಮಗಳು ತಾಯಿಯ ಕೈ ನೋಡಿ ಗೆರೆ ಕಲಿಯುವಾಗಲೇ ಹೆಸರನ್ನೂ ಕಲಿಯುತ್ತಾಳೆ. ಬರೆಯುವಾಗ ಹಾಡೂ ಇರುತ್ತದೆ, ಮದುವೆಯ ಶಾಸ್ತ್ರದ ಭಾಗವಾಗಿಯೇ.

ತೋರಿಸುವ ಪಂಚಾಂಗ

ಪೇಟೆಯ ಗ್ಯಾಲರಿಗಳು ತಿಂಗಳಿಗೊಮ್ಮೆಯೋ ಹದಿನೈದು ದಿನಕ್ಕೊಮ್ಮೆಯೋ ಗೋಡೆ ಖಾಲಿ ಮಾಡಿ ಹೊಸ ಕಲಾವಿದರ ಚಿತ್ರಗಳನ್ನು ತೂಗುಹಾಕುತ್ತವೆ. ಚಿತ್ತಾರದ ಗೋಡೆಗೂ ಇಂಥ ಗಡುವು ಇದ್ದೇ ಇತ್ತು, ಅದನ್ನು ಹಾಕುತ್ತಿದ್ದದ್ದು ಮದುವೆ ಮತ್ತು ಹಬ್ಬ. ಸಂದರ್ಭ ಬಂದಾಗ ಹಳೆಯದರ ಮೇಲೆ ಮಣ್ಣು ಬಳಿದರೆ ಮುಗಿಯಿತು, ಹೊಸದಕ್ಕೆ ಜಾಗ. ಯಾವ ಚಿತ್ರವೂ ಶಾಶ್ವತವಲ್ಲವಾದ್ದರಿಂದ ಬರೆಯುವ ಕೈಗಳು ಬೇಕೇ ಬೇಕಿದ್ದವು. ಊರಲ್ಲಿ ಯಾರ ಎಳೆ ಚಂದ ಎನ್ನುವುದು ಎಲ್ಲರಿಗೂ ಗೊತ್ತಿರುತ್ತಿತ್ತು, ಮದುವೆ ಮನೆಯವರು ಅವರನ್ನೇ ಕರೆಯುತ್ತಿದ್ದರು. ನೋಡುಗರನ್ನು ಹುಡುಕುವ ಕಷ್ಟವೂ ಇರಲಿಲ್ಲ, ಊಟಕ್ಕೆ ಬಂದವರೆಲ್ಲ ಗೋಡೆ ನೋಡಿಯೇ ಹೋಗುತ್ತಿದ್ದರು.

ಭೂಮಣ್ಣಿ ಬುಟ್ಟಿ

ವರ್ಷಕ್ಕೊಮ್ಮೆ ತಪ್ಪದೆ ಬರುವ ಸಂದರ್ಭವೆಂದರೆ ಭೂಮಿ ಹುಣ್ಣಿಮೆ, ಅಂದರೆ ಆಶ್ವಯುಜದ ಹುಣ್ಣಿಮೆ. ಬಯಲುಸೀಮೆಯವರು ಇದೇ ದಿನವನ್ನು ಸೀಗೆ ಹುಣ್ಣಿಮೆ ಎನ್ನುತ್ತಾರೆ. ಪೈರು ಹೊಡೆ ತುಂಬಿರುವ ಹೊತ್ತು, ಭೂಮಿತಾಯಿ ಬಸುರಿ ಎಂಬ ಭಾವನೆ, ಅವಳಿಗೆ ಬಯಕೆಯ ಊಟ. ಆ ಊಟವನ್ನು ಗದ್ದೆಗೆ ಒಯ್ಯುವುದಕ್ಕೆ ದಸರೆಯ ಹೊತ್ತಿನಿಂದಲೇ ಬಿದಿರಿನ ಬುಟ್ಟಿ ಸಿದ್ಧವಾಗುತ್ತದೆ. ಸಗಣಿಯಿಂದ ಸಾರಿಸಿ, ಕೆಮ್ಮಣ್ಣು ಬಳಿದು, ಒಣಗಿದ ಮೇಲೆ ಚಿತ್ತಾರ. ದೊಡ್ಡದೊಂದು, ಚಿಕ್ಕದೊಂದು, ಎರಡು ಬುಟ್ಟಿ. ಭತ್ತದ ಸಸಿ, ಎತ್ತಿನ ಗಾಡಿ, ಬೈನೆ ಮರ, ಹಕ್ಕಿ, ಸಾಲಾಗಿ ನಿಂತ ಜನ ಹೀಗೆ ರೈತನ ವರ್ಷವೇ ಬುಟ್ಟಿಯ ಸುತ್ತ ತಿರುಗುತ್ತದೆ.

ಗೋಡೆಯ ಚಿತ್ರಕ್ಕಿಂತ ಬುಟ್ಟಿಯದು ಕಷ್ಟದ ಕೆಲಸ. ಮೈ ಉಬ್ಬಿದ್ದು, ಮೇಲೆ ಹೋದಂತೆ ಅಗಲವಾಗುತ್ತದೆ. ಕೆಳಗೆ ಸರಿಯಾಗಿ ಕೂಡಿದ ಅಂಚು ಮೇಲೆ ಕೂಡುವುದಿಲ್ಲ, ಬರೆಯುವವಳು ಮಧ್ಯೆ ಎಲ್ಲೋ ಒಂದು ಮನೆ ಹೆಚ್ಚಿಗೆ ಸೇರಿಸಬೇಕು. ಎಲ್ಲಿ ಸೇರಿಸಿದಳು ಎಂದು ಕಾಣದಿದ್ದರೆ ಅದು ನುರಿತ ಕೈ. ಹುಣ್ಣಿಮೆಯ ನಸುಕಿನಲ್ಲಿ ಅಡುಗೆ ಬುಟ್ಟಿಗೆ ಇಳಿಯುತ್ತದೆ, ಗಂಡಸರು ಅದನ್ನು ಹೊತ್ತು ಗದ್ದೆಗೆ ಹೋಗಿ ಚರಗ ಬೀರುತ್ತಾರೆ. ಎಷ್ಟೋ ರಾತ್ರಿ ಕೂತು ಬರೆದ ಚಿತ್ತಾರ ಹಬ್ಬದ ದಿನ ತಲೆಯ ಮೇಲೇರಿ ಊರ ದಾರಿಯಲ್ಲಿ ಸಾಗುತ್ತದೆ.

ಗೋಡೆ ಹೋದದ್ದು

ಗೋಡೆಗಳು ಒಂದೇ ಸಲಕ್ಕೆ ಹೋದದ್ದಲ್ಲ. ಶರಾವತಿಗೆ ಮೊದಲು ಮಡೆನೂರಿನಲ್ಲಿ, ಆಮೇಲೆ 1964ರಲ್ಲಿ ಲಿಂಗನಮಕ್ಕಿಯಲ್ಲಿ ಅಣೆಕಟ್ಟು ಎದ್ದು ಹಿನ್ನೀರಿನಲ್ಲಿ ಊರೂರುಗಳೇ ಮುಳುಗಿದವು, ಸಾವಿರಾರು ಮನೆಯವರು ಬೇರೆ ಕಡೆಗೆ ಗಂಟು ಕಟ್ಟಿದರು. ಉಳಿದ ಊರುಗಳಲ್ಲಿ ಸಿಮೆಂಟು ಬಂತು. ಸುಣ್ಣ, ಡಿಸ್ಟೆಂಪರ್ ಹೊಡೆದ ಗೋಡೆ ಅಕ್ಕಿಹಿಟ್ಟನ್ನು ಹಿಡಿದುಕೊಳ್ಳುವುದಿಲ್ಲ, ಒಣಗಿದರೆ ಉದುರುತ್ತದೆ. ಮದುವೆಗಳು ಕಲ್ಯಾಣಮಂಟಪಕ್ಕೆ ಹೋದವು, ಬಾಡಿಗೆ ಗೋಡೆಯ ಮೇಲೆ ಬರೆಯುವವರಾರು? ಅಲ್ಲಿಗೆ ಬಾಸಿಂಗದ ಜಾಗಕ್ಕೆ ಥರ್ಮೋಕೋಲ್ ಬಂದು ನಿಂತಿತು.

ಚೌಕಟ್ಟಿಗೆ ಬಂದ ಮೇಲೆ

ಚಿತ್ತಾರವನ್ನು ಹೊಸ ಜಾಗಗಳಿಗೆ ದಾಟಿಸಿದವರಲ್ಲಿ ಸಾಗರ ಸೀಮೆಯ ಕಲಾವಿದರೇ ಮುಂದಿದ್ದಾರೆ. ಸಿರಿವಂತೆಯಲ್ಲಿ ಕಲಾವಿದ ಚಂದ್ರಶೇಖರ್ ಕಟ್ಟಿದ ‘ಚಿತ್ರಸಿರಿ’ ಬರೆಯುವ ಜಾಗವೂ ಹೌದು, ತೋರಿಸಿ ಮಾರುವ ಜಾಗವೂ ಹೌದು. ಚಿತ್ತಾರದ ಜೊತೆಗೆ ಭತ್ತದ ತೆನೆಯ ತೋರಣದಂಥ ಕೈಕೆಲಸವನ್ನೂ ಅಲ್ಲಿ ನೋಡಬಹುದು. ಹಸುವಂತೆಯ ಈಶ್ವರ ನಾಯ್ಕ ಚಿತ್ತಾರವನ್ನು ಬೆಂಗಳೂರಿನವರೆಗೂ ಒಯ್ದವರು. ದೀವರ ಚಿತ್ತಾರದ ದಾಖಲಾತಿಯಲ್ಲಿ ಗೀತಾ ಭಟ್ ಅವರ ಕೆಲಸ ದೊಡ್ಡದು.

ಈ ಬದಲಾವಣೆಯಲ್ಲಿ ಎರಡು ಸಂಗತಿ ಎದ್ದು ಕಾಣುತ್ತವೆ. ಒಂದು, ಗಂಡಸರೂ ಬರೆಯತೊಡಗಿದರು. ಇನ್ನೊಂದು, ಚಿತ್ರದ ಕೆಳಗೆ ಸಹಿ ಬಂತು. ಗೋಡೆಗೆ ಸಹಿ ಬೇಕಿರಲಿಲ್ಲ, ಕೈ ಯಾರದೆಂದು ಊರಿಗೆ ಗೊತ್ತಿತ್ತು. ದೂರದವರು ದುಡ್ಡು ಕೊಟ್ಟು ಕೊಳ್ಳುವಾಗ ಹೆಸರಿಗೆ ಬೆಲೆ ಬರುತ್ತದೆ. ಹೆಸರಿಲ್ಲದೆ ಬರೆದು ಹೋದ ಅಜ್ಜಿಯರಿಗೆ ಇದರಿಂದ ಏನೂ ದಕ್ಕಲಿಲ್ಲವಾದರೂ ಈಗ ಬರೆಯುವ ಹೆಂಗಸರಿಗೆ ಕೈಯಲ್ಲಿ ನಾಲ್ಕು ಕಾಸು ಓಡಾಡುವುದು ಸಣ್ಣ ಮಾತಲ್ಲ. ಮೂಲ ಸೊಗಡು ಹೋಯಿತು ಎಂದು ಮರುಗುವವರ ಮನೆಯ ಗೋಡೆಯೂ ಸಿಮೆಂಟಿನದೇ ಆಗಿರುತ್ತದೆ. ನಿಜವಾಗಿ ಕಳೆದದ್ದು ಹಾಡು. ಅದನ್ನು ಚೌಕಟ್ಟಿಗೆ ಹಾಕಲು ಬರುವುದಿಲ್ಲ.

ತಾಳಗುಪ್ಪದ ಹಾದಿಯಲ್ಲಿ

ಈ ಚಿತ್ತಾರದ ಸೀಮೆಗೆ ಬರುವವರಿಗೆ ತಾಳಗುಪ್ಪ ರೈಲು ಹಾದಿಯ ಕೊನೆ. ಮೀಟರ್‌ಗೇಜ್ ಕಾಲದಲ್ಲಿ ಇಲ್ಲಿಗೆ ರೈಲ್‌ಬಸ್ ಓಡುತ್ತಿತ್ತು, 2011ರಲ್ಲಿ ಬ್ರಾಡ್‌ಗೇಜ್ ಬಂದ ಮೇಲೆ ಬೆಂಗಳೂರು, ಮೈಸೂರುಗಳಿಂದ ನೇರ ಗಾಡಿಗಳು ಬರುತ್ತಿವೆ. ಜೋಗಕ್ಕೆ ಹೋಗುವವರು ಇಳಿಯುವ ನಿಲ್ದಾಣ ಇದೇ. ಇದೇ ಹಳಿಯ ಮೇಲೆ ಹೊಸನಗರ ತಾಲ್ಲೂಕಿನ ಅರಸಾಳಿನಲ್ಲಿ, ಶಂಕರ್ ನಾಗ್ ‘ಮಾಲ್ಗುಡಿ ಡೇಸ್’ ಚಿತ್ರೀಕರಿಸಿದ ಹಳೆಯ ನಿಲ್ದಾಣವನ್ನು ರೈಲ್ವೆಯವರು 2020ರಲ್ಲಿ ಮಾಲ್ಗುಡಿ ಮ್ಯೂಸಿಯಂ ಮಾಡಿದರು. ಧಾರಾವಾಹಿಯ ಕಲಾ ನಿರ್ದೇಶಕರಾಗಿದ್ದ ಜಾನ್ ದೇವರಾಜ್ ಅವರೇ ಅದನ್ನು ರೂಪಿಸಿದರು. ಪಾಳುಬಿದ್ದ ಸಣ್ಣ ಕಟ್ಟಡವೊಂದು ನೋಡುವ ಜಾಗವಾಗಲು ದೊಡ್ಡ ನಗರ ಬೇಕಿಲ್ಲ ಎನ್ನುವುದಕ್ಕೆ ಹತ್ತಿರದ ಉದಾಹರಣೆ ಇದು.

ಈ ಸೀಮೆಯಲ್ಲಿ ಪೇಟೆಯ ಗ್ಯಾಲರಿಗಳಂತೆ ಪ್ರತಿ ತಿಂಗಳೂ ಪ್ರದರ್ಶನ ನಡೆಸಹೊರಟವರಿಗೆ ಮೊದಲು ಎದುರಾಗುವುದು ಮಳೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆ ಬೆವರುತ್ತದೆ, ಕಾಗದಕ್ಕೆ ಬೂಷ್ಟು ಹಿಡಿಯುತ್ತದೆ, ಕ್ಯಾನ್ವಾಸು ಜೋಲುತ್ತದೆ. ತೊಡಕೆಂದರೆ ಜೋಗ ನೋಡುವ ಜನ ಬರುವುದೂ ಅದೇ ತಿಂಗಳುಗಳಲ್ಲಿ. ನೋಡುಗರಿದ್ದಾಗ ಹವೆ ಕೆಟ್ಟದ್ದು, ಹವೆ ಒಳ್ಳೆಯದಿದ್ದಾಗ ಜಲಪಾತ ಸೊರಗಿ ನೋಡುಗರು ಕಡಿಮೆ. ಹೀಗಾಗಿ ಮಳೆಗಾಲಕ್ಕೆ ಮರದ ಕೆತ್ತನೆ, ಗಾಜಿನ ಹಿಂದಿನ ಚಿತ್ರಗಳನ್ನು ಇಟ್ಟುಕೊಂಡು, ಕಾಗದ ಮತ್ತು ಬಟ್ಟೆಯ ಕೆಲಸವನ್ನು ನವರಾತ್ರಿಯಿಂದ ಈಚೆಗೆ ತೂಗುಹಾಕುವುದು ಲೇಸು. ಕೆತ್ತನೆಗೆ ಸಾಗರದಲ್ಲಿ ಕೊರತೆಯಿಲ್ಲ, ಗುಡಿಗಾರರ ಗಂಧದ ಕೆಲಸ ಇಲ್ಲಿಯದೇ. ಗಾಜಿನ ಚೌಕಟ್ಟನ್ನು ಗೋಡೆಗೆ ಅಂಟಿಸದೆ ಹಿಂದೆ ಎರಡು ಮರದ ಚೂರು ಕೊಟ್ಟು ಗಾಳಿಯಾಡಲು ಬಿಡಬೇಕು.

ಅಕ್ಟೋಬರ್‌ ಹೊತ್ತಿಗೆ ಇನ್ನೊಂದು ಅನುಕೂಲ. ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣ ಮತ್ತು ಗೆಳೆಯರು 1949ರಲ್ಲಿ ಕಟ್ಟಿದ ನೀನಾಸಮ್‌ನ ಸಂಸ್ಕೃತಿ ಶಿಬಿರಕ್ಕೆ ನಾಡಿನ ನಾನಾ ಕಡೆಯಿಂದ ಜನ ಬರುವ ಕಾಲ ಸಾಮಾನ್ಯವಾಗಿ ಅದೇ. ಅದೇ ದಿನಗಳಲ್ಲಿ ಸುತ್ತಲ ಊರುಗಳ ಜಗಲಿಗಳಲ್ಲಿ ಭೂಮಣ್ಣಿ ಬುಟ್ಟಿಗಳು ಬಣ್ಣ ಒಣಗಿಸಿಕೊಳ್ಳುತ್ತಿರುತ್ತವೆ. ಯಾವ ಮನೆಗೂ ಟಿಕೆಟ್ಟಿಲ್ಲ. ಆದರೆ ಹೇಳದೆ ಕೇಳದೆ ಜಗಲಿ ಹತ್ತಿ ಮೊಬೈಲು ಎತ್ತುವುದು ಸಲ್ಲ. ಹುಣ್ಣಿಮೆಗೆ ಎರಡು ದಿನ ಮುಂಚೆ ಹೋದರೆ ಬರೆಯುವುದನ್ನೇ ನೋಡಬಹುದು.