ಅಂಗಡಿಗೆ ಬರೋ ಪುಟ್ಟ ಧ್ವಜ: ಯಾವುದು ಯಾರದ್ದು, ಯಾಕೆ ಕೊಡ್ತಾರೆ?

ಏಪ್ರಿಲ್ ತಿಂಗಳು ಬಂತು ಅಂದ್ರೆ ತಾಲ್ಲೂಕು ಕಚೇರಿಯ ಸಾಹೇಬರಿಂದ ಹಿಡಿದು ಪೇಟೆ ಬೀದಿಯ ಕಿರಾಣಿ ಅಂಗಡಿಯವರ ತನಕ ಎಲ್ಲರ ಅಂಗಿಯ ಮೇಲೂ ಒಂದು ಪುಟ್ಟ ಧ್ವಜ ಕಾಣಿಸುತ್ತೆ. ಕೆಲವರು ಅದನ್ನ ಜೇಬಿಗೆ ಅಂಟಿಸಿಕೊಳ್ತಾರೆ, ಕೆಲವರು ಗಲ್ಲಾಪೆಟ್ಟಿಗೆಗೆ. ನಮ್ಮಪ್ಪನ ಅಂಗಡಿಯ ತಕ್ಕಡಿ ಮೇಲೆ ಇಂಥ ನಾಲ್ಕು ಸ್ಟಿಕ್ಕರ್ ಇವೆ. ಯಾವುದು ಯಾವ ಇಲಾಖೆದು ಅಂತ ಕೇಳಿದ್ರೆ, "ಯಾರೋ ಯೂನಿಫಾರ್ಮ್‌ನೋರು ಬಂದಿದ್ರಪ್ಪಾ, ಇಪ್ಪತ್ತು ರೂಪಾಯಿ ಕೊಟ್ಟೆ" ಅಂದ್ರು. ಪಕ್ಕದ ಅಂಗಡಿಯವರದ್ದೂ ಹೆಚ್ಚುಕಮ್ಮಿ ಇದೇ ಉತ್ತರ. ಇನ್ನೊಬ್ಬರು ಇದನ್ನ ಮಾಮೂಲು ಅಂದ್ಕೊಂಡೇ ಇಷ್ಟು ವರ್ಷ ಕೊಡ್ತಾ ಬಂದಿದ್ದಾರೆ.

ಇದು ಮಾಮೂಲು ಅಲ್ಲ. ಪ್ರತಿ ಧ್ವಜದ ಹಿಂದೆ ಒಂದು ತಾರೀಖಿದೆ. ಎರಡು ತಾರೀಖುಗಳ ಹಿಂದೆ ಸತ್ತವರ ಲೆಕ್ಕವೂ ಇದೆ.

ಏಪ್ರಿಲ್ 2: ಪೊಲೀಸ್ ಧ್ವಜ ದಿನ

ಇದು ನಮ್ಮ ರಾಜ್ಯದ್ದೇ ಆಚರಣೆ. ಏಕೀಕರಣ ಆದ ಮೇಲೂ ಹಳೇ ಮೈಸೂರು, ಮುಂಬೈ ಕರ್ನಾಟಕ, ಹೈದರಾಬಾದ್ ಕರ್ನಾಟಕ ಅಂತ ಒಂದೊಂದು ಭಾಗದಲ್ಲಿ ಒಂದೊಂದು ಪೊಲೀಸ್ ಕಾನೂನು ನಡೀತಿತ್ತು. ಎಲ್ಲದಕ್ಕೂ ಸೇರಿ ಒಂದೇ ಕಾನೂನು ಅಂತ ಬಂದದ್ದು 1963ರ ಕರ್ನಾಟಕ ಪೊಲೀಸ್ ಕಾಯ್ದೆ. ಅದು ಜಾರಿಗೆ ಬಂದ ದಿನ 1965ರ ಏಪ್ರಿಲ್ 2. ಅದಕ್ಕೇ ಆ ದಿನವನ್ನ ಧ್ವಜ ದಿನ ಅಂತ ಮಾಡ್ತಾರೆ.

ಬೆಂಗಳೂರಲ್ಲಿ ದೊಡ್ಡ ಕವಾಯತು, ಮುಖ್ಯಮಂತ್ರಿ ಪದಕ ಎಲ್ಲ ಇರುತ್ತೆ, ಟಿವಿಯಲ್ಲಿ ಬರುತ್ತೆ. ಜಿಲ್ಲಾ ಕೇಂದ್ರಗಳಲ್ಲಿ ಸಶಸ್ತ್ರ ಮೀಸಲು ಪಡೆ ಮೈದಾನದಲ್ಲಿ ನಡೆಯೋದು ಸಣ್ಣ ಕಾರ್ಯಕ್ರಮ. ಆದ್ರೆ ನನಗೆ ಅದೇ ಇಷ್ಟ. ಯಾಕಂದ್ರೆ ಅಲ್ಲಿ ಸಾಮಾನ್ಯವಾಗಿ ಮಂತ್ರಿ, ಶಾಸಕರನ್ನ ಮುಖ್ಯ ಅತಿಥಿ ಮಾಡಲ್ಲ, ನಿವೃತ್ತರಾದ ಪೊಲೀಸರೊಬ್ಬರನ್ನ ಕರೀತಾರೆ. ವರದಿಗೆ ಅಂತ ಮೊದಲ ಸಲ ಹೋದಾಗ ಗೌರವ ವಂದನೆ ತಗೊಂಡಿದ್ದು ಕೆಳಗಿನ ದರ್ಜೆಯಲ್ಲೇ ಸರ್ವಿಸ್ ಮುಗಿಸಿದ್ದ ಒಬ್ಬ ಹಿರಿಯರು. ಮೂವತ್ತು ವರ್ಷ ಬೇರೆಯವರಿಗೆ ಸೆಲ್ಯೂಟ್ ಹೊಡೆದ ಕೈ. ಅವತ್ತು ಇಡೀ ಮೈದಾನ ಅವರಿಗೆ ಸೆಲ್ಯೂಟ್ ಹೊಡೀತು. ಅವರಿಗೆ ಮೈಕ್ ಮುಂದೆ ಮಾತೇ ಬರಲಿಲ್ಲ.

ಧ್ವಜ ಮಾರಿ ಬಂದ ಹಣ ಪೊಲೀಸ್ ಕಲ್ಯಾಣಕ್ಕೆ ಹೋಗುತ್ತೆ, ಅಂದ್ರೆ ಸಿಬ್ಬಂದಿ, ನಿವೃತ್ತರು ಮತ್ತವರ ಕುಟುಂಬದ ನೆರವಿಗೆ. ಸ್ಟೇಷನ್ ಖರ್ಚಿಗಲ್ಲ, ಬಂದ ಪೇದೆಯ ಜೇಬಿಗೂ ಅಲ್ಲ.

ಏಪ್ರಿಲ್ 14: ಅಗ್ನಿಶಾಮಕ ದಿನ

ಎಲ್ಲಕ್ಕಿಂತ ಕಡಿಮೆ ಜನಕ್ಕೆ ಗೊತ್ತಿರೋದು ಇದೇ. ಅದೇ ದಿನ ಅಂಬೇಡ್ಕರ್ ಜಯಂತಿ. ಸರ್ಕಾರಿ ರಜೆ, ಮೆರವಣಿಗೆ, ಎಲ್ಲ ಕಚೇರಿಯಲ್ಲೂ ಕಾರ್ಯಕ್ರಮ. ಹಂಗಾಗಿ ಅಗ್ನಿಶಾಮಕ ಠಾಣೆಯವರು ಬೆಳಗ್ಗೆ ತಮ್ಮ ಅಂಗಳದಲ್ಲಿ ಹೂವಿಟ್ಟು ಮೌನ ಆಚರಿಸಿದ್ದು ಸುದ್ದಿಯಾಗೋದು ಅಪರೂಪ. ನಾವೂ ಹಾಕಲ್ಲ, ಅದು ನಮ್ಮ ತಪ್ಪೇ.

ಕಥೆ 1944ರದ್ದು. ಎರಡನೇ ಮಹಾಯುದ್ಧದ ಕಾಲ. ಮುಂಬೈನ ವಿಕ್ಟೋರಿಯಾ ಡಾಕ್‌ಗೆ ಫೋರ್ಟ್ ಸ್ಟಿಕಿನ್ ಅನ್ನೋ ಹಡಗು ಬಂದಿತ್ತು. ಅದರೊಳಗೆ ಸುಮಾರು 1,400 ಟನ್ ಸ್ಫೋಟಕ, ಮದ್ದುಗುಂಡು. ಜೊತೆಗೆ ಸಾವಿರಾರು ಹತ್ತಿ ಬೇಲು, ಎಣ್ಣೆ, ಮರ, ಚಿನ್ನದ ಗಟ್ಟಿಗಳು ಕೂಡ. ಹತ್ತಿ ಮತ್ತು ಮದ್ದು ಒಂದೇ ಹಡಗಲ್ಲಿ! ಏಪ್ರಿಲ್ 14ರ ಮಧ್ಯಾಹ್ನ ಹತ್ತಿಗೆ ಬೆಂಕಿ ತಗುಲಿ ಹೊಗೆ ಬರೋಕೆ ಶುರುವಾಯ್ತು. ಅಗ್ನಿಶಾಮಕದವರು ಬಂದು ನೀರು ಹೊಡೆದರು. ಟನ್‌ಗಟ್ಟಲೆ ನೀರು ಹೋಯ್ತು, ಬೆಂಕಿ ಆರಲಿಲ್ಲ. ಸಂಜೆ 4 ಗಂಟೆ ದಾಟುತ್ತಿದ್ದಂತೆ ಹಡಗು ಸಿಡಿಯಿತು. ಅರ್ಧ ಗಂಟೆಯೊಳಗೆ ಇನ್ನೊಂದು ಸಲ ಸಿಡಿಯಿತು. ದೂರದ ಶಿಮ್ಲಾದ ಭೂಕಂಪ ಮಾಪಕದಲ್ಲೂ ಅದರ ನಡುಕ ದಾಖಲಾಯ್ತು. ನೂರಾರು ಜನ ಸತ್ತರು. ಅದರಲ್ಲಿ 66 ಜನ ಬೆಂಕಿ ಆರಿಸೋಕೆ ಬಂದಿದ್ದ ಅಗ್ನಿಶಾಮಕ ಸಿಬ್ಬಂದಿ. ಯುದ್ಧದ ಸೆನ್ಸಾರ್ ಇದ್ದದ್ದರಿಂದ ವಿಷಯ ಪೂರ್ತಿಯಾಗಿ ಹೊರಗೆ ಬರೋಕೇ ವಾರಗಟ್ಟಲೆ ಹಿಡೀತು. ಆ 66 ಜನರ ನೆನಪಿಗೆ ಮುಂಬೈನ ಬೈಕುಲ್ಲಾದಲ್ಲಿರೋ ಅಗ್ನಿಶಾಮಕ ಕೇಂದ್ರ ಕಚೇರಿಯಲ್ಲಿ ಸ್ಮಾರಕ ಇದೆ.

ದೇಶಪೂರ್ತಿ ಏಪ್ರಿಲ್ 14ರಿಂದ 20ರವರೆಗೆ ಅಗ್ನಿಶಾಮಕ ಸಪ್ತಾಹ. ಶಾಲೆ, ಆಸ್ಪತ್ರೆ, ಮಾರುಕಟ್ಟೆಗಳಲ್ಲಿ ಅಣಕು ಪ್ರದರ್ಶನ ಮಾಡ್ತಾರೆ, ಧ್ವಜ ಚುಚ್ಚುತ್ತಾರೆ. ಸಂಗ್ರಹವಾದ ಹಣ ಸಿಬ್ಬಂದಿ ಕಲ್ಯಾಣಕ್ಕೆ.

ಇಲ್ಲೊಂದು ಮಾತು ಹೇಳಲೇಬೇಕು. ಧ್ವಜ ಅಂಟಿಸಿಕೊಂಡ ಗಲ್ಲಾಪೆಟ್ಟಿಗೆಯ ಮುಂದೆಯೇ ರಸ್ತೆಗೆ ನಾಲ್ಕಡಿ ಚಾಚಿದ ತಗಡಿನ ಶೀಟು, ಅದರಾಚೆ ಬೋರ್ಡು, ಅದರಾಚೆ ಎರಡು ಸಾಲು ಬೈಕು. ಸಾಮಾನ್ಯ ಅಗ್ನಿಶಾಮಕ ವಾಹನದಲ್ಲಿ ಸುಮಾರು 4,500 ಲೀಟರ್ ನೀರಿರುತ್ತೆ. ಅಷ್ಟು ಭಾರದ ಲಾರಿ ನಮ್ಮ ಸಂತೆ ಬೀದಿಯಲ್ಲಿ ತಿರುಗೋಕೆ ಜಾಗ ಎಲ್ಲಿದೆ? ಹೋದ ವರ್ಷ ನಾನು ನೋಡಿದ ಒಂದು ಬೆಂಕಿಯಲ್ಲಿ ಗಾಡಿ ಬೀದಿಯ ಬಾಯಿಗೆ ಬಂದು ನಿಂತು, ಪೈಪು ಎಳೆದುಕೊಂಡು ಓಡಬೇಕಾಯ್ತು. ಅಷ್ಟರಲ್ಲಿ ಬಟ್ಟೆ ಅಂಗಡಿಯ ಒಳಗೆ ಏನೂ ಉಳಿದಿರಲಿಲ್ಲ. ಅಂದಹಾಗೆ ತುರ್ತು ವಾಹನಕ್ಕೆ ದಾರಿ ಬಿಡದೇ ಇರೋದು ಅಪರಾಧ. 2019ರ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 194ಇ ಕಲಂ ಪ್ರಕಾರ 6 ತಿಂಗಳವರೆಗೆ ಜೈಲು, ಅಥವಾ 10,000 ರೂಪಾಯಿ ದಂಡ, ಅಥವಾ ಎರಡೂ.

ಬೆಂಕಿ ಬಿದ್ದಾಗ 101 ಅಥವಾ 112ಕ್ಕೆ ಫೋನ್ ಮಾಡಿ. ಬೀದಿ ಹೆಸರು, ಹತ್ತಿರದ ಗುರುತು, ಏನು ಉರಿತಿದೆ, ದೊಡ್ಡ ಗಾಡಿ ಯಾವ ಕಡೆಯಿಂದ ಒಳಗೆ ಬರಬಹುದು, ಇಷ್ಟು ಹೇಳಿ. "ಬೇಗ ಬನ್ನಿ ಸಾರ್" ಅಂತ ಹೇಳಿ ಫೋನ್ ಇಟ್ಟುಬಿಟ್ರೆ ಅವರಿಗೆ ಏನೂ ಗೊತ್ತಾಗಲ್ಲ.

ಅಕ್ಟೋಬರ್ 21: ಹುತಾತ್ಮರ ದಿನ, ಇದಕ್ಕೆ ವಂತಿಗೆ ಇಲ್ಲ

ಈ ದಿನದ ಹೆಸರಲ್ಲಿ ಧ್ವಜ ಮಾರಲ್ಲ. 1959ರ ಅಕ್ಟೋಬರ್ 21ರಂದು ಲಡಾಖ್‌ನ ಹಾಟ್ ಸ್ಪ್ರಿಂಗ್ಸ್‌ನಲ್ಲಿ, ಕಾಣೆಯಾಗಿದ್ದ ತಮ್ಮ ಸಂಗಡಿಗರನ್ನ ಹುಡುಕಿಕೊಂಡು ಹೋದ ಪೊಲೀಸ್ ತಂಡದ ಮೇಲೆ ಚೀನಾ ಸೈನಿಕರು ಗುಂಡು ಹಾರಿಸಿದರು. 10 ಜನ ಸತ್ತರು. ಆಗ ಆ ಗಡಿ ಕಾಯ್ತಿದ್ದದ್ದು ಪೊಲೀಸರೇ ಅನ್ನೋದು ಬಹಳ ಜನಕ್ಕೆ ಗೊತ್ತಿಲ್ಲ. ಪ್ರತಿ ವರ್ಷ ಆ ದಿನ ಜಿಲ್ಲಾ ಕೇಂದ್ರದಲ್ಲಿ, ಹಿಂದಿನ ಸೆಪ್ಟೆಂಬರ್ 1ರಿಂದ ಈ ಆಗಸ್ಟ್ 31ರವರೆಗೆ ದೇಶದಲ್ಲಿ ಕರ್ತವ್ಯದ ಮೇಲೆ ಸತ್ತ ಪೊಲೀಸರ ಹೆಸರು ಓದ್ತಾರೆ. ಹೂಗುಚ್ಛ ಇಡ್ತಾರೆ, ಗಾಳಿಯಲ್ಲಿ ಗುಂಡು ಹಾರಿಸ್ತಾರೆ. ಆ ಸದ್ದು ಕೇಳಿ ಗಾಬರಿ ಆಗಬೇಡಿ.

ಡಿಸೆಂಬರ್ 7ರದ್ದು ಸಶಸ್ತ್ರ ಪಡೆಗಳ ಧ್ವಜ ದಿನ, ಅದು ಸೈನಿಕರದ್ದು, 1949ರಿಂದ ನಡೀತಿದೆ. ಕೆಂಪು, ಗಾಢ ನೀಲಿ, ತಿಳಿ ನೀಲಿ ಪಟ್ಟಿ ಇದ್ರೆ ಅದು ಇದೇ ಧ್ವಜ. ತಕ್ಕಡಿ ಮೇಲಿನ ನಾಲ್ಕರಲ್ಲಿ ಎರಡು ಇದೇ ಆಗಿತ್ತು!

ಕೊಡಲೇಬೇಕಾ?

ಇಲ್ಲ. ಇದು ವಂತಿಗೆ, ತೆರಿಗೆ ಅಲ್ಲ. ಮನಸ್ಸಿದ್ರೆ ಕೊಡಿ, ಇಲ್ಲಾಂದ್ರೆ ಕೈ ಮುಗಿದು ಕಳಿಸಿ. ಹತ್ತಿಪ್ಪತ್ತು ರೂಪಾಯಿಗೆ ಧ್ವಜವೇ ರಸೀದಿ ಇದ್ದಂಗೆ, ಆದ್ರೆ ದೊಡ್ಡ ಮೊತ್ತ ಕೊಡೋದಾದ್ರೆ ರಸೀದಿ ಕೇಳಿ. ಸಮವಸ್ತ್ರ, ಗುರುತಿನ ಚೀಟಿ ಇಲ್ಲದವರು "ಇಲಾಖೆ ಕಡೆಯಿಂದ" ಅಂತ ಬಂದ್ರೆ, ಕೊಡೋಕೆ ಮುಂಚೆ ಠಾಣೆಗೊಂದು ಫೋನ್ ಮಾಡಿ. ಪೊಲೀಸರ ಹೆಸರು ಹೇಳಿದ್ರೆ ಯಾರೂ ಪ್ರಶ್ನೆ ಕೇಳಲ್ಲ ಅನ್ನೋದು ವಸೂಲಿಗಾರರಿಗೂ ಗೊತ್ತು.

ಧ್ವಜವೇ ಇಲ್ಲದವರು

2020ರ ಮಾರ್ಚ್ 22ರ ಸಂಜೆ 5 ಗಂಟೆಗೆ ಇಡೀ ದೇಶ ತಟ್ಟೆ ಬಡಿದದ್ದು, ಏಪ್ರಿಲ್ 5ರ ರಾತ್ರಿ 9ಕ್ಕೆ ದೀಪ ಹಚ್ಚಿದ್ದು ಎಲ್ಲರಿಗೂ ನೆನಪಿದೆ. ಮೇ 3ರಂದು ವಾಯುಪಡೆಯ ಹೆಲಿಕಾಪ್ಟರ್‌ಗಳು ಆಸ್ಪತ್ರೆಗಳ ಮೇಲೆ ಹೂ ಸುರಿದವು. ಸರ್ಕಾರ ಇಷ್ಟು ದೊಡ್ಡದಾಗಿ ಇಂಥ ಗೌರವ ತೋರಿಸಿದ್ದನ್ನ ನಮ್ಮ ತಲೆಮಾರಿನವರು ಅದಕ್ಕೆ ಮುಂಚೆ ನೋಡಿರಲಿಲ್ಲ. ಆದ್ರೆ ಅದೇ ಜುಲೈ 10ರಿಂದ ನಮ್ಮ ರಾಜ್ಯದ ಆಶಾ ಕಾರ್ಯಕರ್ತೆಯರು ಕೆಲಸ ನಿಲ್ಲಿಸಿ ಮುಷ್ಕರಕ್ಕೆ ಇಳಿದರು. ಅವರು ಕೇಳಿದ್ದು ತಿಂಗಳಿಗೆ 12,000 ರೂಪಾಯಿ ಗೌರವಧನ ಮತ್ತು ಸರಿಯಾದ ಮಾಸ್ಕು, ಗ್ಲೌಸು, ಸ್ಯಾನಿಟೈಸರ್.

ಗೃಹರಕ್ಷಕರಿಗೆ ಡಿಸೆಂಬರ್ 6 ಅಂತ ಒಂದು ದಿನವಾದ್ರೂ ಇದೆ. ಜಾತ್ರೆ, ಚುನಾವಣೆ, ಪ್ರವಾಹ, ಎಲ್ಲಿ ನೋಡಿದ್ರೂ ಅವರಿರ್ತಾರೆ, ಸಿಗೋದು ಡ್ಯೂಟಿ ಮಾಡಿದ ದಿನದ ಭತ್ಯೆ ಮಾತ್ರ. 108 ಆಂಬುಲೆನ್ಸ್ ಡ್ರೈವರು, ಒಳಗೆ ರೋಗಿ ಪಕ್ಕ ಕೂರೋ ಸಿಬ್ಬಂದಿ, ಇವರ ಹೆಸರಲ್ಲಿ ಧ್ವಜ ಹಿಡ್ಕೊಂಡು ನಮ್ಮ ಪೇಟೆ ಬೀದಿಗೆ ಯಾರಾದ್ರೂ ಬಂದದ್ದನ್ನ ನಾನಂತೂ ನೋಡಿಲ್ಲ. ಕೇಳಿದೆ, ಅಪ್ಪನೂ ನೋಡಿಲ್ಲವಂತೆ.