ಸೀಸೆಯ ಮೇಲಿನ ಅಂಕಿ

ನಮ್ಮ ಕಡೆ ಅಂಗಡಿಯಲ್ಲಿ ಸಿಗುವ ವಿಸ್ಕಿ, ಬ್ರಾಂದಿ ಸೀಸೆಗಳ ಚೀಟಿ ಮೇಲೆ 42.8 ಅಂತ ಒಂದು ಅಂಕಿ ಇರ್ತದೆ. ಕುಡಿಯುವವರು ಇರಲಿ, ಖಾಲಿ ಸೀಸೆ ಆಯುವ ಹುಡುಗರೂ ನೋಡಿರ್ತಾರೆ. ನಲವತ್ತು, ನಲವತ್ತೈದು ಅಂತ ನೆಟ್ಟಗಿನ ಅಂಕಿ ಬಿಟ್ಟು ಇದೆಲ್ಲಿಂದ ಬಂತು?

ಹಳೇ ಇಂಗ್ಲೆಂಡಿನಲ್ಲಿ ಬಂದೂಕಿನ ಮದ್ದನ್ನು ಮದ್ಯದಲ್ಲಿ ನೆನೆಸಿ ಬೆಂಕಿ ಇಡುತ್ತಿದ್ದರಂತೆ. ಹತ್ತಿಕೊಂಡರೆ ಸರಕು ಗಟ್ಟಿ, ಇಲ್ಲದಿದ್ದರೆ ನೀರು ಹೆಚ್ಚು. 1816ರಲ್ಲಿ ಸೈಕ್ಸ್ ಎಂಬವನ ಹೈಡ್ರೋಮೀಟರು ಕಾನೂನಿನ ಅಳತೆಯಾಯಿತು. ನೂರಕ್ಕೆ ಸುಮಾರು 57.1 ಭಾಗ ಆಲ್ಕೋಹಾಲ್ ಇದ್ದರೆ ಅದು ‘ಪ್ರೂಫ್’. ಅದರಲ್ಲಿ ಕಾಲುಭಾಗ ಕಳೆಯಿರಿ, 42.8 ಬರ್ತದೆ. ಶಾಲೆ ಮಕ್ಕಳಿಗೆ ಈ ಲೆಕ್ಕ ಕೊಡಬಹುದು, ಯಾವುದರ ಲೆಕ್ಕ ಅಂತ ಮಾತ್ರ ಹೇಳಬೇಡಿ.

ಈ ಅಳತೆ ಹುಟ್ಟಿದ್ದು ಸುಂಕಕ್ಕಾಗಿ. ಅದಕ್ಕೆ ರುಚಿ ಬೇಕಿರಲಿಲ್ಲ, ಕಸುವು ಸಾಕಿತ್ತು. 1886ರ ಮದ್ರಾಸ್ ಅಬಕಾರಿ ಕಾಯ್ದೆ ಬಂದಾಗ ಆದೋನಿ ಬಳ್ಳಾರಿ ಜಿಲ್ಲೆಯ ತಾಲ್ಲೂಕು. ಆ ಕಾಯ್ದೆ ನಮ್ಮ ಸಾರಾಯಿಗೂ ಸೇಂದಿಗೂ ತಗುಲಿತು. 1953ರ ಅಕ್ಟೋಬರ್ 1ಕ್ಕೆ ನಾವು ಆಂಧ್ರಕ್ಕೆ ಸೇರಿದೆವು, ಕರ್ನೂಲು ರಾಜಧಾನಿಯಾಯಿತು. ಮರುವರ್ಷ ನವೆಂಬರಿನಲ್ಲಿ ಪಾನನಿಷೇಧದ ವಿಷಯಕ್ಕೇ ಪ್ರಕಾಶಂ ಪಂತುಲು ಅವರ ಸರ್ಕಾರ ಒಂದೇ ಒಂದು ಮತದಿಂದ ಬಿತ್ತು. ಆಮೇಲೆ ನೆಲ್ಲೂರಿನ ದೂಬಗುಂಟದ ಹೆಂಗಸರು ಎದ್ದರು. 1993ರಲ್ಲಿ ಸಾರಾಯಿ ನಿಂತಿತು. ಆಗ ಮುಖ್ಯಮಂತ್ರಿ ನಮ್ಮ ಕರ್ನೂಲು ಜಿಲ್ಲೆಯವರೇ, ಕೋಟ್ಲ ವಿಜಯಭಾಸ್ಕರ ರೆಡ್ಡಿ. 1995ರ ಪೂರ್ಣ ನಿಷೇಧ ಎರಡು ವರ್ಷ ಬಾಳಿತು, ಅಷ್ಟೆ. ಸಾರಾಯಿ ಪ್ಯಾಕೆಟಿನ ಜಾಗಕ್ಕೆ ವಿಸ್ಕಿ ಕ್ವಾರ್ಟರ್ ಬಂತು.

ಹಾಗಾದರೆ ವಿಸ್ಕಿ ಅಂದರೆ ಏನು? ರುಚಿ ನೋಡಿ ಬೆಲೆ ಕಟ್ಟುವವರು ಮೊದಲು ಕೇಳುವುದು, ಯಾವ ಕಾಳಿನದು, ಯಾವ ಪೀಪಾಯಿಯದು ಅಂತ. ಅಮೆರಿಕದ ಬೂರ್ಬನ್‌ಗೆ ಕಾಳಿನಲ್ಲಿ ನೂರಕ್ಕೆ 51 ಪಾಲಾದರೂ ಮೆಕ್ಕೆಜೋಳ ಇರಬೇಕು, ಒಳಗೆ ಸುಟ್ಟು ಕರಿ ಮಾಡಿದ ಹೊಸ ಓಕ್ ಪೀಪಾಯಿಯಲ್ಲೇ ಇಡಬೇಕು. ಪ್ರತಿ ಸಲ ಹೊಸದೇ ಬೇಕಾದ್ದರಿಂದ ಹಳೇ ಪೀಪಾಯಿಗಳು ಲೋಕವೆಲ್ಲ ಮಾರಾಟಕ್ಕೆ ಹೋಗ್ತವೆ. ಬೆಂಗಳೂರಿಗೂ ಬರ್ತವೆ.

1948ರಲ್ಲಿ ಹುಟ್ಟಿದ ಅಮೃತ್ ಕಂಪನಿ ಇಂಥ ಪೀಪಾಯಿಗಳಲ್ಲಿ ಜವೆಗೋಧಿಯ ವಿಸ್ಕಿ ಇಟ್ಟು 2004ರಲ್ಲಿ ಗ್ಲಾಸ್ಗೋದಲ್ಲಿ ಮಾರಲು ಹೊರಟಿತು. ಒಕ್ಕಲಿಗರ ಮನೆಗೆ ಜೋಳ ಮಾರಲು ಹೋದಂಗೆ! ಅವರ ‘ಫ್ಯೂಷನ್’ನಲ್ಲಿ ನಮ್ಮ ದೇಶದ ಜವೆಗೋಧಿಯದೂ ಸ್ಕಾಟ್ಲೆಂಡಿನ ಹೊಗೆಯಾಡಿಸಿದ ಜವೆಗೋಧಿಯದೂ ಬೆರೆತಿದೆ. ಜಿಮ್ ಮರ್ರೆ ಎಂಬ ಪರೀಕ್ಷಕ ತನ್ನ 2010ರ ಪುಸ್ತಕದಲ್ಲಿ ಅದಕ್ಕೆ 97 ಅಂಕ ಕೊಟ್ಟು ಲೋಕದ ಮೂರನೇ ಒಳ್ಳೇ ವಿಸ್ಕಿ ಅಂದ. ಅವನ ಲೆಕ್ಕದಲ್ಲಿ ವಾಸನೆಗೆ 25, ರುಚಿಗೆ 25, ನುಂಗಿದ ಮೇಲೆ ಉಳಿಯುವುದಕ್ಕೆ 25, ಎಲ್ಲದರ ಹೊಂದಿಕೆಗೆ 25. ಅಮಲಿಗೆ ಒಂದೂ ಇಲ್ಲ.

ಬೆಂಗಳೂರಿನ ಬಿಸಿಲು ಸಹಾಯವೂ ಮಾಡಿತು, ಸುಲಿಗೆಯೂ ಮಾಡಿತು. ಶೆಕೆಗೆ ಮದ್ಯ ಬೇಗ ಪಕ್ವವಾಗ್ತದೆ. ಆದರೆ ಸ್ಕಾಟ್ಲೆಂಡಿನಲ್ಲಿ ವರ್ಷಕ್ಕೆ ನೂರಕ್ಕೆ ಎರಡು ಪಾಲು ಆವಿಯಾದರೆ ಇಲ್ಲಿ ಹತ್ತರ ಮೇಲೆ ಹೋಗ್ತದೆ. ಅದನ್ನು ದೇವತೆಗಳ ಪಾಲು ಅಂತಾರೆ. 2013ರಲ್ಲಿ ಎಂಟು ವರ್ಷ ಇಟ್ಟದ್ದನ್ನು ತೆಗೆದರೆ ಮುಕ್ಕಾಲು ಭಾಗ ಆವಿ! ಉಳಿದದ್ದರಲ್ಲಿ 144 ಸೀಸೆ ಮಾತ್ರ ತುಂಬಿತು. ‘ಗ್ರೀಡಿ ಏಂಜೆಲ್ಸ್’, ಅಂದರೆ ದುರಾಸೆಯ ದೇವತೆಗಳು ಅಂತಲೇ ಹೆಸರಿಟ್ಟರು.

ನಮ್ಮ ಕ್ವಾರ್ಟರಿಗೆ ಇದ್ಯಾವುದೂ ಅನ್ವಯಿಸದು. ದೇಶದ ಅಗ್ಗದ ವಿಸ್ಕಿಗಳಲ್ಲಿ ಬಹುಕಾಲದಿಂದ ಇರುವುದು ಹೆಚ್ಚಾಗಿ ಸಕ್ಕರೆ ಕಾರ್ಖಾನೆಯ ಕಾಕಂಬಿಯಿಂದ ಇಳಿಸಿದ ಸ್ಪಿರಿಟು, ಮೇಲೆ ಬಣ್ಣ, ವಾಸನೆ. ದುಡಿದ ಕೂಲಿ ಕೊಟ್ಟು ಕೊಳ್ಳುವವನಿಗೆ ಅಂಗಡಿಯಲ್ಲಿ ಇದನ್ನು ಯಾರೂ ಹೇಳುವುದಿಲ್ಲ. ಯುರೋಪಿನ ದೇಶಗಳಲ್ಲಿ ವಿಸ್ಕಿ ಕಾಳಿನದೇ ಆಗಿರಬೇಕು. ಕಾಕಂಬಿಯದು ಅಲ್ಲಿಗೆ ಹೋದರೆ ಆ ಚೀಟಿ ಕಿತ್ತೇ ಮಾರಬೇಕು.