ಕರಾಟೆಯ ‘ಕರ’ ಎಲ್ಲಿಯದು?

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ, ಎಲ್ಲೇ ಆಗಲಿ, ಕರಾಟೆಯ ಮಾತು ಬಂದರೆ ಬೋಧಿಧರ್ಮನ ಕಥೆಯೂ ಬರುತ್ತದೆ. ದಕ್ಷಿಣ ಭಾರತದ ಈ ಭಿಕ್ಷು ಚೀನಾದ ಶಾವೊಲಿನ್ ಮಠದಲ್ಲಿ ಕಲಿಸಿದ ವರಸೆಗಳೇ ಮುಂದೆ ಕರಾಟೆಯಾದವಂತೆ. ‘ಕರ’ ಎಂದರೆ ನಮಗೆ ಕೈ. ಹಾಗಾಗಿ ಕಥೆ ಇನ್ನಷ್ಟು ಹತ್ತಿರವಾಗುತ್ತದೆ. ಆದರೆ ಜಪಾನಿ ಭಾಷೆಯಲ್ಲಿ ಕೈ ಎಂದರೆ ‘ತೆ’; ‘ಕರ’ದ ಅರ್ಥ ಬೇರೆ.

ಬೋಧಿಧರ್ಮನ ಬಗ್ಗೆ 6ನೇ ಶತಮಾನದಲ್ಲೇ ಚೀನೀ ಬರಹಗಳಿವೆ. ಅವುಗಳಲ್ಲಿ ಕಾದಾಟದ ಸುದ್ದಿಯಿಲ್ಲ. ಶಾವೊಲಿನ್ ವ್ಯಾಯಾಮಕ್ಕೆ ಅವನ ಹೆಸರು ಅಂಟಿದ್ದು 17ನೇ ಶತಮಾನದ ‘ಯಿಜಿನ್ ಜಿಂಗ್’ ಎಂಬ ಪುಸ್ತಕದಿಂದ.

ಕರಾಟೆ ಬೆಳೆದದ್ದು ಒಕಿನಾವಾ ದ್ವೀಪದಲ್ಲಿ. ಅಲ್ಲಿನ ರ್‍ಯೂಕ್ಯೂ ಅರಸರು 1372ರಿಂದ ಚೀನಾದ ಮಿಂಗ್ ದೊರೆಗಳಿಗೆ ಕಪ್ಪ ಕಳುಹಿಸುತ್ತಿದ್ದರು. ಫೂಜಿಯನ್ ಪ್ರಾಂತದೊಡನೆ ಹಡಗಿನ ವ್ಯಾಪಾರವಿತ್ತು. ಅಲ್ಲಿನ ಕುಟುಂಬಗಳು ನಾಹಾ ಬಳಿಯ ಕುಮೆಯಲ್ಲಿ ನೆಲೆಸಿದವು. ಸರಕಿನೊಡನೆ ವರಸೆಗಳೂ ಬಂದು ಸ್ಥಳೀಯ ಕೈಕಾಳಗದೊಡನೆ ಬೆರೆತವು. 19ನೇ ಶತಮಾನದಲ್ಲಿ ಹಿಗಾವೊನ್ನಾ ಕಾನ್ರ್ಯೊ ಫೂಜೌ ನಗರಕ್ಕೇ ಹೋಗಿ ಕಲಿತು ಬಂದ. ‘ಸಾನ್‌ಚಿನ್’ ಎಂಬ ವರಸೆ ಇವತ್ತಿಗೂ ಎರಡೂ ಕಡೆ ಉಳಿದಿದೆ.

ಒಕಿನಾವಾದ ಶಾಲೆಗಳಿಗೆ ಕರಾಟೆಯನ್ನು ತಂದ ಇತೊಸು ಆಂಕೊ 1908ರಲ್ಲಿ ಬರೆದದ್ದು ಸ್ಪಷ್ಟವಾಗಿದೆ: ಇದು ಬೌದ್ಧಧರ್ಮದಿಂದಲೋ ಕನ್ಫ್ಯೂಷಿಯಸ್ ಮತದಿಂದಲೋ ಹುಟ್ಟಿದ್ದಲ್ಲ, ಇದರ ಎರಡು ಪಂಥಗಳು ಚೀನಾದಿಂದ ಬಂದವು.

ಹೆಸರಲ್ಲೂ ಆ ಋಣವಿತ್ತು. ಆಗ ‘ಕರ’ವನ್ನು ತಾಂಗ್ ವಂಶದ, ಅಂದರೆ ಚೀನಾದ, ಅಕ್ಷರದಿಂದ ಬರೆಯುತ್ತಿದ್ದರು. ಕರಾಟೆ ಎಂದರೆ ‘ಚೀನೀ ಕೈ’. ಅದೇ ಉಚ್ಚಾರಣೆಯ ಇನ್ನೊಂದು ಅಕ್ಷರಕ್ಕೆ ‘ಬರಿದು’ ಎಂಬ ಅರ್ಥ. 1922ರಲ್ಲಿ ಫುನಾಕೊಶಿ ಗಿಚಿನ್ ಟೋಕಿಯೋದಲ್ಲಿ ಈ ವಿದ್ಯೆಯನ್ನು ಪ್ರದರ್ಶಿಸಿದ. ಮುಂದೆ ಜಪಾನಿನಲ್ಲಿ ಚೀನಾ ವಿರೋಧ ಬೆಳೆದ ದಿನಗಳಲ್ಲಿ ‘ಬರಿದು’ ಅಕ್ಷರವೇ ಮೇಲುಗೈ ಪಡೆಯಿತು. 1936ರಲ್ಲಿ ನಾಹಾದಲ್ಲಿ ಸೇರಿದ ಗುರುಗಳು ಅದನ್ನೇ ಒಪ್ಪಿದರು. ‘ಚೀನೀ ಕೈ’ ‘ಬರಿಗೈ’ ಆಯಿತು. ಕೂಗಿ ಕರೆದರೆ ವ್ಯತ್ಯಾಸ ತಿಳಿಯದು, ಬರೆದರೆ ಮಾತ್ರ ಚೀನಾ ಮಾಯ.

ಹೀಗೆ ಹಳೆಯ ಹೆಸರಿಗೆ ಹೊಸ ಅರ್ಥ ಹೊಂದಿಸುವುದು ನಮ್ಮ ಜಿಲ್ಲೆಗೆ ಹೊಸತಲ್ಲ. ಬೇಲೂರಿನಲ್ಲಿ ಹುಲಿಯೊಡನೆ ಸೆಣಸುವ ಸಳನನ್ನು ನೋಡಿ ‘ಹೊಯ್ ಸಳ’ ಎಂದು ಕಥೆ ಹೇಳುತ್ತೇವೆ. ಆದರೆ ‘ಪೊಯ್ಸಳ’ ಎಂಬ ಹೆಸರು ಶಾಸನಗಳಲ್ಲಿ ಮೊದಲೇ ಇದೆ, ಕಥೆ ಕಾಣಿಸುವುದು ವಿಷ್ಣುವರ್ಧನನ ಕಾಲದಿಂದ. ಕಥೆ ಸುಂದರವೇ. ಅದನ್ನು ಕಥೆಯಾಗಿಯೇ ಹೇಳಬೇಕು.

ಜಪಾನ್ ಅಕ್ಷರ ಬದಲಿಸಿ ಚೀನಾವನ್ನು ಮರೆಸಿತು. ಬೋಧಿಧರ್ಮನನ್ನು ಮುಂದೆ ಮಾಡಿ ನಾವು ಫೂಜಿಯನ್ನಿನ ನಾವಿಕರನ್ನೂ ಒಕಿನಾವಾದ ಗುರುಗಳನ್ನೂ ಮರೆಯುತ್ತಿದ್ದೇವೆ. ಪಾಠದ ಮೊದಲು ಗುರುವಿಗೆ ತಲೆಬಾಗುವ ಮಗುವಿಗೆ ಅವರ ಹೆಸರನ್ನೂ ಹೇಳಿಕೊಡೋಣ.